ಮಾಡಿಫೈ ಆದ 600ಡಿ, 50 ಎಂಎಂ ಲೆನ್ಸ್: ನೀಹಾರಿಕೆ ಮಂಕು, ನಕ್ಷತ್ರಕ್ಕೆ ಕೆಂಪು ಬಳೆ. ಫಿಲ್ಟರ್ ಕೊಳ್ಳಬೇಕಾ?

ಬಾಣೇರ್_ಟೆರೇಸ್

ನಮಸ್ಕಾರ. ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ಕ್ಯಾನನ್ 600ಡಿ. ಮಾರಿದವರು "ಆಸ್ಟ್ರೋ ಮಾಡಿಫೈಡ್" ಅಂದಿದ್ದಾರೆ, ಅಂದರೆ ನೀಹಾರಿಕೆಯ ಕೆಂಪು ಹೆಚ್ಚು ಸಿಗಲಿ ಅಂತ ಸೆನ್ಸರ್ ಮುಂದಿನ ಗಾಜು ತೆಗೆದದ್ದು; ಯಾವ ಗಾಜು ತೆಗೆದಿದ್ದಾರೆ ಅಂತ ಹೇಳಿಲ್ಲ. ಲೆನ್ಸ್‌ಗಳು ಕ್ಯಾನನ್ 50 ಎಂಎಂ ಎಫ್/1.8 ಎಸ್‌ಟಿಎಂ ಮತ್ತು ಸಮ್ಯಾಂಗ್ 135 ಎಂಎಂ ಎಫ್/2. ಆಕಾಶದ ಜೊತೆ ಕ್ಯಾಮೆರಾ ತಿರುಗಿಸುವ ಟ್ರ್ಯಾಕರ್ ಸ್ಟಾರ್ ಅಡ್ವೆಂಚರರ್.

ಪುಣೆಯ ಬಾಣೇರ್‌ನಲ್ಲಿ ಟೆರೇಸ್ ಮೇಲಿಂದ ಕ್ಯಾಲಿಫೋರ್ನಿಯಾ ನೀಹಾರಿಕೆ: 50 ಎಂಎಂ, ಎಫ್/1.8, ಐಎಸ್‌ಒ 1600, 30 ಸೆಕೆಂಡಿನ 80 ಫ್ರೇಮ್. ಸಿರಿಲ್ ಸಾಫ್ಟ್‌ವೇರ್‌ನಲ್ಲಿ ಸ್ಟ್ಯಾಕ್ ಮಾಡಿದರೆ (ಎಲ್ಲ ಫ್ರೇಮ್ ಒಂದರ ಮೇಲೊಂದು ಸೇರಿಸಿದರೆ) ಚಿತ್ರವೆಲ್ಲ ಗುಲಾಬಿ, ದೊಡ್ಡ ನಕ್ಷತ್ರಗಳ ಸುತ್ತ ಕೆಂಪು ಬಳೆ, ಮೂಲೆಯ ನಕ್ಷತ್ರಗಳಿಗೆ ಹಕ್ಕಿಯ ರೆಕ್ಕೆ. ನೀಹಾರಿಕೆ ಇದೆಯೋ ಇಲ್ಲವೋ ಅನ್ನೋ ಹಾಗೆ. ನೀಹಾರಿಕೆಯ ಎರಡು ಬಣ್ಣ ಮಾತ್ರ ಬಿಡುವ ಡ್ಯುಯಲ್ ಬ್ಯಾಂಡ್ ಫಿಲ್ಟರ್ ತಗೊಂಡರೆ ಸರಿ ಹೋಗುತ್ತಾ? ಈ ಲೆನ್ಸ್‌ಗಳಲ್ಲಿ ಯಾವುದು ಒಳ್ಳೆಯದು?

ಕೆಂಪುಗೆರೆ656

ಫಿಲ್ಟರ್ ಆಮೇಲೆ. ಮೊದಲು ಕ್ಯಾಮೆರಾದೊಳಗೆ ಏನಿದೆ ಅಂತ ತಿಳಿಯಬೇಕು.

ಕ್ಯಾನನ್‌ನಲ್ಲಿ ಸೆನ್ಸರ್ ಮುಂದೆ ಎರಡು ಗಾಜು. ಮುಂದಿನದು ಧೂಳು ಕೊಡವುವ ಗಾಜು. ಇನ್‌ಫ್ರಾರೆಡ್, ಅಲ್ಟ್ರಾವಯಲೆಟ್ ತಡೆಯೋದೂ ಅದೇ. ಹಿಂದಿನದು ಎಲ್‌ಪಿಎಫ್-2, ತುಸು ನೀಲಿ. ನೀಹಾರಿಕೆಯ ಕೆಂಪು, ಅಂದರೆ ಹೈಡ್ರೋಜನ್ ಆಲ್ಫಾದ 656.3 ನ್ಯಾನೋಮೀಟರ್ ಬೆಳಕಿನಲ್ಲಿ ಮುಕ್ಕಾಲು ಪಾಲನ್ನು ನುಂಗುವುದು ಇದು. ಎಲ್‌ಪಿಎಫ್-2 ಮಾತ್ರ ತೆಗೆದಿದ್ದರೆ ಬೇರೇನೂ ಬೇಡ. ಎರಡೂ ತೆಗೆದಿದ್ದರೆ ಅದು ಫುಲ್ ಸ್ಪೆಕ್ಟ್ರಮ್. ಆಗ ಇನ್‌ಫ್ರಾರೆಡ್ ಕೂಡ ಸೆನ್ಸರ್‌ಗೆ ಬೀಳುತ್ತದೆ, ನಮ್ಮ ಲೆನ್ಸ್‌ಗಳು ಅದನ್ನು ಕೆಂಪಿನ ಜಾಗದಲ್ಲಿ ಫೋಕಸ್ ಮಾಡುವುದಿಲ್ಲ, ಬಳೆ ಬರುವುದು ಹಾಗೆ.

ಪರೀಕ್ಷೆ ಸುಲಭ. ಕತ್ತಲೆ ಕೋಣೆಯಲ್ಲಿ ಲೈವ್ ವ್ಯೂ ಹಾಕಿ ಟಿವಿ ರಿಮೋಟ್ ಬಟನ್ ಒತ್ತಿ. ರಿಮೋಟ್ ತುದಿ ಟಾರ್ಚ್ ಥರ ಉರಿದರೆ ಫುಲ್ ಸ್ಪೆಕ್ಟ್ರಮ್: ಲೆನ್ಸ್ ಮುಂದೆ ಯುವಿ/ಐಆರ್ ಕಟ್ ಫಿಲ್ಟರ್ ಕಡ್ಡಾಯ. ಮಂಕಾಗಿ ಕಂಡರೆ ಅಥವಾ ಕಾಣದೇ ಇದ್ದರೆ ನಿಮ್ಮದು ಬರೀ ಎಲ್‌ಪಿಎಫ್-2 ತೆಗೆದದ್ದು, ಬಳೆಗೆ ಕಾರಣ ಲೆನ್ಸ್ ಪೂರ್ತಿ ತೆರೆದದ್ದೇ.

ಇನ್ನೊಂದು ಮಾತು. ಗಾಜು ತೆಗೆದಾಗ ಅದರ ದಪ್ಪದ ಮೂರನೇ ಒಂದು ಭಾಗದಷ್ಟು ಫೋಕಸ್ ಲೆನ್ಸ್ ಕಡೆಗೆ ಸರಿಯುತ್ತದೆ. ಆಟೋಫೋಕಸ್ ಲೆನ್ಸ್‌ಗಳು ಇನ್ಫಿನಿಟಿ ದಾಟಿ ತಿರುಗುವುದರಿಂದ ಗೊತ್ತಾಗುವುದಿಲ್ಲ. ಇನ್ಫಿನಿಟಿಯಲ್ಲೇ ಗಟ್ಟಿಯಾಗಿ ನಿಲ್ಲುವ ಹಳೇ ಮ್ಯಾನ್ಯುಯಲ್ ಲೆನ್ಸ್ ಹಾಕಿದರೆ ಮಾತ್ರ ನಕ್ಷತ್ರ ಚುಕ್ಕೆ ಆಗುವುದೇ ಇಲ್ಲ.

ಈಗ ಅಪರ್ಚರ್. 50 ಎಂಎಂ ಎಫ್/1.8ರಲ್ಲಿ ಮೂಲೆಗಳು ಹಾಳು, ಅದು ಆ ಲೆನ್ಸಿನ ಗುಣ. ಎಫ್/4ಕ್ಕೆ ಇಳಿಸಿ. ಬೆಳಕು ಸುಮಾರು ಐದು ಪಟ್ಟು ಕಡಿಮೆಯಾಗುತ್ತದೆ, ಅಂದರೆ ನಿಮ್ಮ 30 ಸೆಕೆಂಡಿಗೆ 150 ಸೆಕೆಂಡು. ಟ್ರ್ಯಾಕರ್ ಇರುವಾಗ ತೊಂದರೆ ಏನು? 135ನ್ನು ಎಫ್/2.8ಕ್ಕೆ ಇಳಿಸಿದರೆ ಸಾಕು. ಅದರ ಮುಂದಿನ ಥ್ರೆಡ್ 77 ಎಂಎಂ. 77ರಿಂದ 49ಕ್ಕೆ ಇಳಿಯುವ ಸ್ಟೆಪ್ ಡೌನ್ ರಿಂಗ್ ಹಾಕಿ ಒಳಗಿನ ಬ್ಲೇಡ್‌ಗಳನ್ನು ಪೂರ್ತಿ ತೆರೆದಿಟ್ಟರೆ ಹೆಚ್ಚುಕಡಿಮೆ ಎಫ್/2.8 ಆಗುತ್ತದೆ, ನಕ್ಷತ್ರಕ್ಕೆ ಮುಳ್ಳು ಬರುವುದಿಲ್ಲ. 50ಕ್ಕೆ ಈ ಉಪಾಯ ಬೇಡ, ಮೂಲೆ ಕಪ್ಪಾಗುತ್ತದೆ.

ಫೋಕಸನ್ನು ಶೂಟ್ ಮಾಡುವ ಅಪರ್ಚರ್‌ನಲ್ಲೇ, 10 ಪಟ್ಟು ಲೈವ್ ವ್ಯೂನಲ್ಲಿ, ನಡುವಿನಿಂದ ಮೂರನೇ ಒಂದು ಭಾಗ ಆಚೆ ಇರುವ ನಕ್ಷತ್ರದ ಮೇಲೆ ಮಾಡಿ. ಎಸ್‌ಟಿಎಂ ರಿಂಗ್ ಮೋಟರ್ ಮೂಲಕ ಓಡುತ್ತದೆ, ದೂರದ ಗುರುತೂ ಇಲ್ಲ. ಆಟೋ ಪವರ್ ಆಫ್ ನಿಲ್ಲಿಸಿಡಿ.

ಧಾರವಾಡದಾಂವ

ಮ್ಯಾಲಿನವರು ಹೇಳಿದ್ದು ಬರೋಬರಿ ಅದ. ಆದ್ರ ಬಾಣೇರದಾಗ ಕುಂತು ಎಫ್/1.8ಕ್ಕ ತೆಗೆದ್ರ ಹಿಸ್ಟೋಗ್ರಾಮ್ (ಬೆಳಕಿನ ಗ್ರಾಫ್) ದಿಬ್ಬ ಅರ್ಧ ದಾಟಿರ್ತದ ನೋಡ್ರಿ. ಅದು ಎಡಗಡೀಂದ ಮೂರನೇ ಒಂದು ಭಾಗದ ಸುತ್ತ ಇರಬೇಕು. ಗುಲಾಬಿ ಬಣ್ಣಕ್ಕ ಹೆದರಬ್ಯಾಡ್ರಿ, ಮಾಡಿಫೈ ಕ್ಯಾಮೆರಾದ ರಾ ಫೈಲ್ ಹಂಗೇ ಇರ್ತದ. ಸಿರಿಲ್‌ದಾಗ ಮೊದಲ ಬ್ಯಾಕ್‌ಗ್ರೌಂಡ್ ಎಕ್ಸ್‌ಟ್ರಾಕ್ಷನ್ (ಆಕಾಶದ ಹಿನ್ನೆಲೆ ಬೆಳಕು ಕಳೆಯೋದು), ಆಮ್ಯಾಲೆ ಫೋಟೋಮೆಟ್ರಿಕ್ ಕಲರ್ ಕ್ಯಾಲಿಬ್ರೇಷನ್ (ನಕ್ಷತ್ರಗಳ ಬಣ್ಣ ನೋಡಿ ಚಿತ್ರದ ಬಣ್ಣ ತಿದ್ದೋದು). ಉಲ್ಟಾ ಮಾಡಿದ್ರ ಊರಿನ ಬೆಳಕೇ ನೀಹಾರಿಕೆಯ ಬಣ್ಣ ಆಗ್ತದ. ಫ್ಲ್ಯಾಟ್ (ಒಂದೇ ಸಮ ಬೆಳಕಿನ ಫೋಟೋ) ಇಲ್ಲದ ಬ್ಯಾಕ್‌ಗ್ರೌಂಡ್ ತೆಗೀಲಿಕ್ಕೆ ಹೋಗಬ್ಯಾಡ್ರಿ, ಲೆನ್ಸಿನ ಮೂಲಿ ಕಪ್ಪು ಹಂಗೇ ಉಳೀತದ. ಶೂಟ್ ಮುಗಿದ ಕೂಡ್ಲೇ, ಫೋಕಸ್ ಮುಟ್ಟದಂಗ, ಅದೇ ಅಪರ್ಚರ್‌ಗೆ ಬಿಳಿ ಬನಿಯನ್ ಬಿಗಿಯಾಗಿ ಕಟ್ಟಿ ನಸುಕಿನ ಆಕಾಶಕ್ಕ 25-30 ಫ್ಲ್ಯಾಟ್ ತಗೋರಿ.

ಜಾಗಾ: ಊರಿನ ಬೆಳಕು ಬಿಟ್ಟು ವೆಲ್ಹೆ ಕಡೆ ಹೋಗ್ರಿ. ಅಲ್ಲಿಂದ ಪುಣೆ ಈಶಾನ್ಯಕ್ಕ ಬೀಳ್ತದ, ಕ್ಯಾಲಿಫೋರ್ನಿಯಾ ಹುಟ್ಟೋದೂ ಅದೇ ದಿಕ್ಕಿಗೆ. ಅದಕ್ಕ ಸಂಜೀಗೆ ಗಡಿಬಿಡಿ ಬ್ಯಾಡ. ಡಿಸೆಂಬರ್ ನಡುವ ರಾತ್ರಿ 11ರ ಸುಮಾರಿಗೆ ಅದು 70 ಡಿಗ್ರಿ ದಾಟಿ ಎತ್ತರ ಇರ್ತದ, ಅದರ ಆಚೀಚೆ ಎರಡೆರಡು ತಾಸು ಹಿಡೀರಿ.

ಟ್ರ್ಯಾಕರ್ ಅಕ್ಷ ಆಕಾಶದ ಉತ್ತರ ಧ್ರುವಕ್ಕ ಹಿಡೀಬೇಕು. ಅದು ನಮ್ಮಲ್ಲಿ 18.5 ಡಿಗ್ರಿ ಅಷ್ಟೇ ಎತ್ತರ, ಪಣಜಿಯಾಗ 15.5. ಉತ್ತರಕ್ಕ ಗುಡ್ಡ ಇದ್ರ ಮುಗೀತು, ಹಗಲಿನ್ಯಾಗೇ ದಿಕ್ಸೂಚಿ ಹಿಡಿದು ಜಾಗಾ ನೋಡಿ ಇಟ್ಕೋರಿ. ಧ್ರುವ ನಕ್ಷತ್ರನ ಟ್ರ್ಯಾಕರ್ ದುರ್ಬೀನಿನ ನಡುವಿನ ಕ್ರಾಸ್ ಗೆರೆ ಮ್ಯಾಲೆ ಇಟ್ಟು ಬಿಟ್ರ ಸಾಲೂದಿಲ್ಲ, ನಿಜವಾದ ಧ್ರುವಬಿಂದುವಿನಿಂದ ಅದು 0.6 ಡಿಗ್ರಿ ದೂರ ಅದ. ಹಂಗ ಇಟ್ರ ಎರಡು ನಿಮಿಷಕ್ಕ ಸುಮಾರು 20 ಆರ್ಕ್‌ಸೆಕೆಂಡ್ ಜಾರಬಹುದು. 600ಡಿ ಮ್ಯಾಲೆ 50 ಎಂಎಂಗೆ ಅದು ಒಂದು ಪಿಕ್ಸೆಲ್, 135ಕ್ಕ ಮೂರು. ಮೊದಲ 50ರಿಂದ ಸುರು ಮಾಡ್ರಿ ಅನ್ನೋದು ಇದಕ್ಕ.

ಇಷ್ಟು ಕೆಳಗಿನ ಅಕ್ಷಾಂಶಕ್ಕ ಕೌಂಟರ್‌ವೇಟ್ (ಸರಿತೂಕದ ಭಾರ) ಹೋಗಿ ಟ್ರೈಪಾಡ್ ಕಾಲಿಗೆ ಬಡೀತದ. ಕ್ಲಚ್ ಸಡಿಲ ಮಾಡಿ ಒಂದು ಸಲ ಪೂರ್ತಿ ತಿರುಗಿಸಿ ನೋಡ್ರಿ. 50 ಎಂಎಂಗೆ ಬಾಲ್ ಹೆಡ್ ಸಾಕು, ಕೌಂಟರ್‌ವೇಟ್ ಬ್ಯಾಡ.

ಠಾಣೆ_ತಾರೆ

ಫಿಲ್ಟರ್ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಮುಂಬೈ, ಪುಣೆ ಟೆರೇಸ್‌ನಿಂದಲೇ ತೆಗೆಯುವುದಾದರೆ ಡ್ಯುಯಲ್ ಬ್ಯಾಂಡ್ ಬಿಟ್ಟು ದಾರಿ ಇಲ್ಲ. ಬೀದಿ ದೀಪ ಸೋಡಿಯಂ ಇದ್ದಾಗ ಬೀದಿ ದೀಪದ ಬಣ್ಣ ತಡೆಯುವ ಸಿಎಲ್‌ಎಸ್ ಥರದ ಅಗಲ ಫಿಲ್ಟರ್ ನಡೆಯುತ್ತಿತ್ತು. ಬಿಳಿ ಎಲ್‌ಇಡಿ ಎಲ್ಲ ಬಣ್ಣದಲ್ಲೂ ಚೆಲ್ಲುತ್ತದೆ, ಅದರ ಮುಂದೆ ಸಿಎಲ್‌ಎಸ್ ಆಟ ನಡೆಯಲ್ಲ.

ಆದರೆ ಫಿಲ್ಟರ್ ಎಲ್ಲಿ ಕೂರಿಸುತ್ತೀರಿ ಅನ್ನೋದು ಮುಖ್ಯ. ಈ ಫಿಲ್ಟರ್‌ಗಳಿಗೆ ಬೆಳಕು ಓರೆಯಾಗಿ ಬಿದ್ದರೆ ಅವು ಬಿಡುವ ಬಣ್ಣ ನೀಲಿಯ ಕಡೆ ಸರಿಯುತ್ತದೆ. 50 ಎಂಎಂ ಮುಂದೆ ಸಿಕ್ಕಿಸಿದರೆ ಮೂಲೆಯ ಬೆಳಕು 15 ಡಿಗ್ರಿ ಓರೆ; ಸರಿತ ಐದಾರು ನ್ಯಾನೋಮೀಟರ್ ಆಗಬಹುದು. 7 ನ್ಯಾನೋಮೀಟರ್ ಬ್ಯಾಂಡ್ ಆದರೆ ನಡುವೆ ಕೆಂಪು, ಮೂಲೆಯಲ್ಲಿ ಸೊನ್ನೆ. ಇದನ್ನು ಫ್ಲ್ಯಾಟ್ ಕೂಡ ಸರಿಪಡಿಸಲ್ಲ. 135ರ ಮುಂದೆ ಓರೆ ಆರು ಡಿಗ್ರಿಯೊಳಗೆ, ಚಿಂತೆ ಇಲ್ಲ. 50ಕ್ಕೆ ಬೇಕೇ ಬೇಕಾದರೆ ಬಾಡಿಯೊಳಗೆ ಕೂರುವ ಕ್ಲಿಪ್ ಫಿಲ್ಟರ್ ಹಾಕಿ ಎಫ್/4ರಲ್ಲೇ ತೆಗೆಯಿರಿ. ಕ್ಲಿಪ್ ಫಿಲ್ಟರ್ ಕ್ಯಾನನ್‌ನ ಇಎಫ್ ಮಾದರಿ ಲೆನ್ಸ್‌ಗೆ ಮಾತ್ರ, ಇಎಫ್-ಎಸ್ ಲೆನ್ಸಿನ ಹಿಂಭಾಗ ಅದಕ್ಕೆ ತಗಲುತ್ತದೆ. ನಿಮ್ಮ 50 ಇಎಫ್, ಆದ್ದರಿಂದ ಸರಿ.

ಬಾಣೇರ್_ಟೆರೇಸ್

ರಿಮೋಟ್ ಪರೀಕ್ಷೆ ಆಯಿತು, ಏನೂ ಕಾಣಲಿಲ್ಲ. ಹಾಗಾದರೆ ಎಲ್‌ಪಿಎಫ್-2 ಮಾತ್ರ. ಫಿಲ್ಟರ್ ಸದ್ಯ ಬೇಡ, ವೆಲ್ಹೆಗೇ ಹೋಗುತ್ತೇನೆ. 50 ಎಂಎಂಗೆ ಕ್ಯಾಲಿಫೋರ್ನಿಯಾ ಚಿಕ್ಕದಾಯಿತೇನೋ? ಬೇರೆ ಗುರಿ ಹೇಳಿ.

ಕೆಂಪುಗೆರೆ656

ಹೌದು, 25 ಡಿಗ್ರಿ ಅಗಲದ ಚಿತ್ರದಲ್ಲಿ ಎರಡೂವರೆ ಡಿಗ್ರಿಯ ವಸ್ತು. ಅದನ್ನು 135ಕ್ಕೆ ಬಿಡಿ. 50ಕ್ಕೆ ಮಹಾವ್ಯಾಧ (ಓರಿಯನ್) ಇಡಿಯಾಗಿ: ಉದ್ದ ಬದಿ ಉತ್ತರ-ದಕ್ಷಿಣ ಇಟ್ಟರೆ ಬರ್ನಾರ್ಡ್ ಕುಣಿಕೆ, ಹಾರ್ಸ್‌ಹೆಡ್, ತಲೆಯ ಸುತ್ತಲಿನ ಲ್ಯಾಂಬ್ಡಾ ವರ್ತುಲ, ಈ ನೀಹಾರಿಕೆಗಳೆಲ್ಲ ಒಂದೇ ಫ್ರೇಮಿಗೆ ಬರುತ್ತವೆ. ಜನವರಿ ನಡುವೆ ರಾತ್ರಿ ಹತ್ತೂವರೆಗೆ ಅದು ನೆತ್ತಿಯ ಹತ್ತಿರ. ಎಫ್/4, ಐಎಸ್‌ಒ 1600, 120 ಸೆಕೆಂಡು, ಮೂರು ತಾಸಿಗೆ ಕಡಿಮೆ ಬೇಡ. ಗೈಡಿಂಗ್ (ನಕ್ಷತ್ರ ನೋಡುತ್ತ ಟ್ರ್ಯಾಕರನ್ನು ತಿದ್ದುವ ವ್ಯವಸ್ಥೆ) ಇಲ್ಲದ್ದರಿಂದ ಹತ್ತು ಫ್ರೇಮಿಗೊಮ್ಮೆ ಚೌಕಟ್ಟನ್ನು ಕೆಲವು ಪಿಕ್ಸೆಲ್ ಸರಿಸಿ. ಇಲ್ಲದಿದ್ದರೆ ಸೆನ್ಸರ್ ಕಲೆಗಳು ಸಾಲುಗಟ್ಟಿ ಮಳೆಯ ಗೆರೆಯಂತೆ ಕೂರುತ್ತವೆ. ರಾಜಹಂಸದ ಕಡೆಯ ನೀಹಾರಿಕೆಗಳ ಒಳ್ಳೆಯ ಕಾಲ ನಮ್ಮಲ್ಲಿ ಮಳೆಗಾಲಕ್ಕೇ ಬಲಿ. ಅಕ್ಟೋಬರ್‌ನಲ್ಲಿ ಕತ್ತಲಾದ ತಕ್ಷಣದ ಎರಡು ಮೂರು ತಾಸು ಉಳಿಯುತ್ತದೆ ಅಷ್ಟೇ.

ಧಾರವಾಡದಾಂವ

ಫೆಬ್ರವರಿ ಮಧ್ಯರಾತ್ರಿಗೆ ದಕ್ಷಿಣಕ್ಕ ಗಮ್ ನೀಹಾರಿಕೆನೂ ಅದ್ರಿ, 35 ಡಿಗ್ರಿಗಿಂತ ಅಗಲ. ಯುರೋಪಿನವರಿಗೆ ಪೂರ್ತಿ ಸಿಗದ ಮಾಲು. ಅದಕ್ಕ 24 ಎಂಎಂ ಬೇಕು. ಮತ್ತ, ಅಣೆಕಟ್ಟಿನ ಹಿನ್ನೀರಿನ ಹತ್ರ ನಿಂತ್ರ ನಡುರಾತ್ರಿಗೆ ಲೆನ್ಸ್ ಮ್ಯಾಲೆ ಇಬ್ಬನಿ ಗ್ಯಾರಂಟಿ. 5 ವೋಲ್ಟಿನ ಯುಎಸ್‌ಬಿ ಹೀಟರ್ ಪಟ್ಟಿ ಮೊದಲಿಗೇ ಕಟ್ಟಿ, 20 ನಿಮಿಷ ಬಿಸಿ ಆದ ಮ್ಯಾಲೆ ಫೋಕಸ್ ಮಾಡ್ರಿ. ಫೋಕಸ್ ಮಾಡಿ ಆಮ್ಯಾಲೆ ಹೀಟರ್ ಹಾಕಿದ್ರ ಫೋಕಸ್ ಜಾರ್ತದ.