2147483647 ಅವಿಭಾಜ್ಯ ಅಂತ ಸಾಧಿಸೋದು ಹೇಗೆ?

ಬೆಸಸಂಖ್ಯೆ (ಪ್ರಶ್ನೆ ಕೇಳಿದವರು): 2³¹ − 1 ಅಂದ್ರೆ 2147483647. 2ನ್ನು ಆಧಾರವಾಗಿಟ್ಟು ಫರ್ಮಾ ಪರೀಕ್ಷೆ (ಆಧಾರವನ್ನು ಸಂಖ್ಯೆಗಿಂತ 1 ಕಡಿಮೆ ಘಾತಕ್ಕೆ ಏರಿಸಿ, ಅದೇ ಸಂಖ್ಯೆಯಿಂದ ಭಾಗಿಸೋದು) ಮಾಡಿದರೆ ಶೇಷ 1 ಬರುತ್ತೆ. ಇಷ್ಟು ಸಾಕಾ? ವರ್ಗಮೂಲ 46340ರ ತನಕ ಎಲ್ಲ ಅವಿಭಾಜ್ಯಗಳಿಂದ ಭಾಗಿಸದೆ, ಕೈಲೆಕ್ಕದಲ್ಲೇ ಸಾಧಿಸೋ ದಾರಿ ಇದೆಯಾ?

ಶೇಷಗಣಿತ: ಸಾಲದು. ಈ ಜಾತಿಯ (2ರ ಘಾತದಿಂದ 1 ಕಳೆದ) ಸಂಖ್ಯೆಗೆ ಆಧಾರ 2 ಏನನ್ನೂ ಹೇಳೋದಿಲ್ಲ. 2¹¹ − 1 = 2047 = 23 × 89. ಆದರೂ 2²⁰⁴⁶ನ್ನು 2047ರಿಂದ ಭಾಗಿಸಿದರೆ ಶೇಷ 1, ಯಾಕಂದ್ರೆ 2¹¹ರ ಶೇಷವೇ 1, ಮತ್ತು 2046 = 11 × 186. ಘಾತ ಅವಿಭಾಜ್ಯವಾಗಿದ್ದರೆ ಸಾಕು, ಸಂಖ್ಯೆ ಸಂಯುಕ್ತವಾಗಿದ್ದರೂ ಪಾಸು. ಆಧಾರ 3 ಇಟ್ಟರೆ 2047 ಸಿಕ್ಕಿಬೀಳುತ್ತೆ, ಆದರೆ ಪಾಸಾದರೆ ಅದೂ ಸಾಧನೆಯಲ್ಲ.

ಕೈಲೆಕ್ಕಕ್ಕೆ ಗಣಿತಜ್ಞ ಆಯ್ಲರ್ 1772ರಲ್ಲಿ ತೋರಿಸಿದ ದಾರಿ ಇದೆ. ಕ ಅನ್ನೋದು ಇದರ ಅವಿಭಾಜ್ಯ ಭಾಜಕ ಅಂತಿಟ್ಕೊಳ್ಳಿ. ಕ-ದಿಂದ ಭಾಗಿಸಿದಾಗ 2ರ ಘಾತಗಳಲ್ಲಿ ಶೇಷ 1 ಮೊದಲು ಬರೋದು 31ನೇ ಘಾತಕ್ಕೇ (31 ಅವಿಭಾಜ್ಯ, ಅದಕ್ಕಿಂತ ಚಿಕ್ಕದು ಸಾಧ್ಯವಿಲ್ಲ). ಫರ್ಮಾ ಪ್ರಮೇಯದ ಪ್ರಕಾರ 2ರ (ಕ − 1)ನೇ ಘಾತಕ್ಕೂ ಶೇಷ 1, ಹಾಗಾಗಿ ಕ − 1 ಅನ್ನೋದು 31ರ ಗುಣಕ. ಕ ಬೆಸ, ಆದ್ದರಿಂದ 62ರ ಗುಣಕವೂ ಹೌದು. ಇನ್ನೊಂದು ಕಡೆ, 2³²ರ ಶೇಷ 2. ಅಂದರೆ 2 ಇಲ್ಲಿ 2¹⁶ರ ವರ್ಗ. ಹಾಗಿದ್ದರೆ, ಗೊತ್ತಿರುವ ಒಂದು ಪ್ರಮೇಯದ ಪ್ರಕಾರ, ಕ-ವನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಆಗಲೇಬೇಕು. ಎರಡನ್ನೂ ಸೇರಿಸಿದರೆ ಕ-ಗೆ ಎರಡೇ ರೂಪ: 248ರ ಗುಣಕಕ್ಕೆ 1 ಕೂಡಿಸಿದ್ದು, ಇಲ್ಲವೇ 63 ಕೂಡಿಸಿದ್ದು.

46340ರೊಳಗೆ ಅಂಥವು 373. ಸಂಯುಕ್ತಗಳನ್ನು ಹೊಡೆದುಹಾಕಿ: 63, 249, 497, 559 ಎಲ್ಲ ಹೋದವು. ಉಳಿಯೋ ಮೊದಲನೆಯದು 311, ಆಮೇಲೆ 1303, 1489... ಒಟ್ಟು ಎಂಬತ್ತರ ಆಸುಪಾಸು ಭಾಗಾಕಾರ. ಇಲ್ಲದಿದ್ದರೆ ಸುಮಾರು 4,800 ಮಾಡಬೇಕಿತ್ತು. ಬೇಸರದ ಕೆಲಸವೇ, ಆದರೆ ಒಂದು ಭಾನುವಾರದಲ್ಲಿ ಮುಗಿಯುತ್ತೆ.

ಮಡಚುಲೆಕ್ಕ: ಕಂಪ್ಯೂಟರ್ ಇದ್ದರೆ ಲುಕಾಸ್–ಲೇಮರ್ ಪರೀಕ್ಷೆಯೇ ಸರಿ. 4ರಿಂದ ಶುರು, ಪ್ರತಿ ಸಲ ವರ್ಗ ಮಾಡಿ 2 ಕಳೆದು, ಪರೀಕ್ಷಿಸುತ್ತಿರುವ ಸಂಖ್ಯೆಯಿಂದ ಭಾಗಿಸಿ ಶೇಷ ತೆಗೀರಿ. 29ನೇ ಸಲ (ಘಾತ 31ಕ್ಕಿಂತ 2 ಕಡಿಮೆ) ಸೊನ್ನೆ ಬಂದರೆ ಅವಿಭಾಜ್ಯ. ಮೊದಲು 127ರ (2⁷ − 1) ಮೇಲೆ ಪ್ರಯೋಗ ಮಾಡಿ: 4, 14, 67, 42, 111, 0. ಇದು ಬರದಿದ್ದರೆ ಕೋಡ್ ತಪ್ಪು. 2047ಕ್ಕೆ ಕೊನೆಯಲ್ಲಿ 1736 ಬರಬೇಕು.

ಭಾಗಾಕಾರ ಬೇಡ. 2³¹ರ ಶೇಷ 1 ಆದ್ದರಿಂದ ಕೆಳಗಿನ 31 ಬಿಟ್‌ಗೆ (ದ್ವಿಮಾನ ಅಂಕಿ) ಮೇಲಿನ ಬಿಟ್‌ಗಳನ್ನು ಕೂಡಿಸಿದರೆ ಆಯ್ತು. ವರ್ಗ 62 ಬಿಟ್ ದಾಟೋದಿಲ್ಲ, 64 ಬಿಟ್ ಸಾಕು. 32 ಬಿಟ್‌ನಲ್ಲಿ ಇಟ್ಟರೆ ಉಕ್ಕಿ ಹಾಳಾಗುತ್ತೆ.

ಬೆಸಸಂಖ್ಯೆ: 127ಕ್ಕೆ ಕೊನೆಯಲ್ಲಿ 0 ಬದಲು 127 ಬರ್ತಿದೆಯಲ್ಲ?

ಮಡಚುಲೆಕ್ಕ: ಬಿಟ್ ಕೂಡಿಸಿದಾಗ ಎಲ್ಲ 1 ಆಗಿ ನಿಂತರೆ ಅದೂ ಸೊನ್ನೆಯೇ. ಕೂಡಿಸಿದ ಮೇಲೆ ಉತ್ತರ 127 ಅಥವಾ ಹೆಚ್ಚಿದ್ದರೆ ಒಮ್ಮೆ 127 ಕಳೀರಿ. 2 ಕಳೆಯುವಾಗಲೂ ಎಚ್ಚರ: ಚಿಹ್ನೆಯಿಲ್ಲದ (unsigned) ಮಾದರಿಯಲ್ಲಿ ವರ್ಗ 0 ಅಥವಾ 1 ಇದ್ದರೆ ಋಣವಾಗುವ ಬದಲು ದೊಡ್ಡ ಸಂಖ್ಯೆಗೆ ಹಾರುತ್ತೆ. ಮೊದಲು 127 ಕೂಡಿಸಿ, ಆಮೇಲೆ 2 ಕಳೀರಿ.