ನೆಟ್‌ವರ್ಕ್ ಸಿಗದ ಕಡೆ ಫೋನಿನಲ್ಲಿ ನಕ್ಷೆ ನೋಡುವುದು ಹೇಗೆ?

ಪ್ರಶ್ನೆ (ಪಾಂಡವಪುರದಿಂದ)

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಮೇಲುಕೋಟೆಯ ಆಚೆಗಿನ ಹಳ್ಳಿಯೊಂದಕ್ಕೆ ನೆಂಟರ ಮನೆಯ ಬೀಗರೂಟಕ್ಕೆಂದು ಹೊರಟಿದ್ದೆವು. ಬೆಟ್ಟದ ತಿರುವು ದಾಟುತ್ತಿದ್ದಂತೆ ನೆಟ್‌ವರ್ಕ್ ಹೋಗಿ, ಗೂಗಲ್ ಮ್ಯಾಪ್ಸ್‌ನಲ್ಲಿ ರಸ್ತೆ, ಊರಿನ ಹೆಸರುಗಳೆಲ್ಲ ಮಾಯವಾಗಿ ಖಾಲಿ ಚೌಕಗಳಷ್ಟೇ ಉಳಿದವು. ಆದರೆ ನಮ್ಮನ್ನು ತೋರಿಸುವ ನೀಲಿ ಚುಕ್ಕಿ ಮಾತ್ರ ಆ ಖಾಲಿ ಜಾಗದ ಮೇಲೆ ಕಾರಿನ ಜೊತೆಗೇ ಸಾಗುತ್ತಿತ್ತು. ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರನ್ನು ಕೇಳಿಕೊಂಡು ಊರು ಸೇರುವ ಹೊತ್ತಿಗೆ ಎರಡನೆಯ ಪಂಕ್ತಿಯೂ ಎದ್ದಿತ್ತು. ಇಂಥ ಕಡೆಗೆ ಹೋಗುವುದಕ್ಕೆ ಪ್ರತ್ಯೇಕ ಜಿಪಿಎಸ್ ಯಂತ್ರ ಕೊಳ್ಳಬೇಕೆ, ಇರುವ ಆಂಡ್ರಾಯ್ಡ್ ಫೋನೇ ಸಾಕಾಗುತ್ತದೆಯೆ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ (ಮೈಸೂರಿನಿಂದ)

ಯಂತ್ರ ಕೊಳ್ಳುವ ಅಗತ್ಯವಿಲ್ಲ ಎಂಬುದನ್ನು ಆ ನೀಲಿ ಚುಕ್ಕಿಯೇ ನಿಮಗೆ ತೋರಿಸಿಕೊಟ್ಟಿದೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಸಮಯ ಮತ್ತು ತಮ್ಮ ಸ್ಥಾನವನ್ನು ಬಿತ್ತರಿಸುತ್ತಿರುತ್ತವೆ. ರೇಡಿಯೊ ಕೇಳಿದಂತೆ ಫೋನು ಅದನ್ನು ಸುಮ್ಮನೆ ಆಲಿಸುತ್ತದೆಯೇ ಹೊರತು ತಾನೇನನ್ನೂ ಕಳುಹಿಸುವುದಿಲ್ಲವಾದ್ದರಿಂದ ಸಿಮ್ ಆಗಲಿ ಡೇಟಾ ಆಗಲಿ ಬೇಕಿಲ್ಲ. ಕನಿಷ್ಠ ನಾಲ್ಕು ಉಪಗ್ರಹಗಳು ಸಿಕ್ಕರೆ ನೀವಿರುವ ಜಾಗ ತಿಳಿಯುತ್ತದೆ. ನಾಲ್ಕನೆಯದು ಏಕೆಂದರೆ, ಫೋನಿನ ಗಡಿಯಾರ ಉಪಗ್ರಹದ ಪರಮಾಣು ಗಡಿಯಾರದಷ್ಟು ನಿಖರವಲ್ಲ, ಆ ವ್ಯತ್ಯಾಸವನ್ನೂ ಲೆಕ್ಕ ಹಾಕಬೇಕಾಗುತ್ತದೆ.

ಡೇಟಾ ಬೇಕಾಗುವುದು ನಕ್ಷೆಗೆ. ಹೊರಡುವ ಮುನ್ನ ಮನೆಯ ವೈಫೈನಲ್ಲಿ ಗೂಗಲ್ ಮ್ಯಾಪ್ಸ್ ತೆರೆದು, ಮೇಲಿನ ನಿಮ್ಮ ಚಿತ್ರವನ್ನು ಒತ್ತಿ, ‘ಆಫ್‌ಲೈನ್ ಮ್ಯಾಪ್ಸ್’ ಆಯ್ದು, ಪಾಂಡವಪುರದಿಂದ ನಾಗಮಂಗಲದವರೆಗಿನ ಪ್ರದೇಶವನ್ನು ಚೌಕಟ್ಟಿನೊಳಗೆ ತಂದು ಇಳಿಸಿಕೊಳ್ಳಿ. ಹೀಗೆ ಇಳಿಸಿಕೊಂಡ ನಕ್ಷೆಯಲ್ಲಿ ವಾಹನದ ದಾರಿ ಸಿಗುತ್ತದೆ. ನಡೆದು ಹೋಗುವ ದಾರಿಯಾಗಲಿ ಸಂಚಾರ ದಟ್ಟಣೆಯಾಗಲಿ ಸಿಗುವುದಿಲ್ಲ. ಅದಕ್ಕೆ ಅವಧಿಯೂ ಇರುವುದರಿಂದ ಆಗಾಗ ನವೀಕರಿಸುತ್ತಿರಬೇಕು.

ಉತ್ತರ (ಮಂಡ್ಯದಿಂದ)

ಮೇಲಿನವರ ಮಾತಿಗೆ ಒಂದಿಷ್ಟು ಸೇರಿಸುತ್ತೇನೆ. ಬೆಟ್ಟ ಹತ್ತುವ ಅಭ್ಯಾಸವಿದ್ದರೆ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಎಸ್‌ಎಂಆ್ಯಂಡ್ ಹಾಕಿಕೊಳ್ಳಿ, ಏಕೆಂದರೆ ಅವು ನೆಟ್ ಇಲ್ಲದೆಯೂ ಕಾಲುದಾರಿ ತೋರಿಸುತ್ತವೆ. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, ಸ್ವಯಂಸೇವಕರು ಕಟ್ಟಿದ ನಕ್ಷೆಯೇ ಎರಡಕ್ಕೂ ಆಧಾರವಾಗಿದೆ. ನಿಮ್ಮೂರಿನ ಬಂಡಿದಾರಿ ಅದರಲ್ಲಿಲ್ಲದಿದ್ದರೆ ನೀವೇ ಸೇರಿಸಬಹುದು.

ಆದರೆ ಯಾವ ನಕ್ಷೆಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಹತ್ತಿರದ ದಾರಿಯೆಂದು ಒಮ್ಮೆ ಅದು ನನ್ನನ್ನು ನಾಲೆಯ ಏರಿಯ ಮೇಲೆ ಹತ್ತಿಸಿತು. ಎದುರಿಗೆ ಕಬ್ಬಿನ ಟ್ರಾಕ್ಟರ್ ಬಂದಾಗ ಕಾರು ತಿರುಗಿಸುವಷ್ಟೂ ಜಾಗವಿಲ್ಲದೆ ಅರ್ಧ ಫರ್ಲಾಂಗು ಹಿಂದಕ್ಕೇ ಬರಬೇಕಾಯಿತು. ಬೆಂಗಳೂರು ಹೆದ್ದಾರಿಯಲ್ಲಂತೂ ಮುಖ್ಯರಸ್ತೆಯೂ ಸರ್ವಿಸ್ ರಸ್ತೆಯೂ ಅಕ್ಕಪಕ್ಕದಲ್ಲೇ ಇರುವುದರಿಂದ, ಕೆಲವು ಮೀಟರುಗಳ ವ್ಯತ್ಯಾಸಕ್ಕೇ ಫೋನು ನಿಮ್ಮನ್ನು ಬೇರೆ ರಸ್ತೆಯಲ್ಲಿ ಕೂರಿಸಿಬಿಡುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಕ್ಷೆ ಇಳಿಸಿಕೊಂಡು, ಫ್ಲೈಟ್ ಮೋಡ್‌ನಲ್ಲಿಟ್ಟು ಇಂದು ಮೇಲುಕೋಟೆಯವರೆಗೆ ಹೋಗಿಬಂದೆ; ದಾರಿ ಸರಿಯಾಗಿ ತೋರಿಸಿತು. ಆದರೆ ಮೊದಲ ಸಲ ಚುಕ್ಕಿ ಕಾಣಿಸಿಕೊಳ್ಳಲು ಎರಡು ನಿಮಿಷ ಹಿಡಿಯಿತು. ಇದು ಫೋನಿನ ದೋಷವೆ?

ಉತ್ತರ (ಮೈಸೂರಿನಿಂದ)

ದೋಷವಲ್ಲ. ಡೇಟಾ ಇದ್ದಾಗ ಉಪಗ್ರಹಗಳ ಪಥದ ವಿವರವನ್ನು ಫೋನು ಅಂತರ್ಜಾಲದಿಂದ ಕ್ಷಣಾರ್ಧದಲ್ಲಿ ಪಡೆಯುತ್ತದೆ. ಇಲ್ಲದಿದ್ದರೆ ಅದನ್ನು ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು, ಆ ವಿವರ 30 ಸೆಕೆಂಡಿಗೊಮ್ಮೆ ಬರುತ್ತದೆ, ನಡುವೆ ಸಂಕೇತ ಕಡಿದರೆ ಮತ್ತೆ ಕಾಯಬೇಕು. ಮುಂದಿನ ಸಲ ಮರದ ನೆರಳಿನಲ್ಲಿ ನಿಲ್ಲದೆ ಬಯಲಿನಲ್ಲಿ ನಿಂತು ನೋಡಿ.