ಟ್ರೋಲ್ ಅಂದ್ರೆ ಬೆಂಕಿ, ಪೆಟ್ಟಿಗೆ ಅಂದ್ರೆ ಮಿಮಿಕ್: ಈ ಹಳೇ ಪ್ರಾಣಿಗಳನ್ನ ಏನ್ಮಾಡೋದು?

ಬನಶಂಕರಿಯಿಂದ ಪ್ರಶ್ನೆ:
ನಾವು ಐದು ಜನ ಭಾನುವಾರ ಮಧ್ಯಾಹ್ನ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಡೈಸ್ ಹಾಕಿ ಕಥೆ ನಡೆಸುವ ಆಟ. ಕಥೆ ಹೇಳಿ ಪ್ರಾಣಿಗಳನ್ನು ಆಡಿಸುವ ಡಿಎಂ ನಾನೇ. ಮೂರು ವರ್ಷ ಆಯಿತು, ಈಗ ಎಲ್ಲರಿಗೂ ಎಲ್ಲವೂ ಬಾಯಿಪಾಠ. ಟ್ರೋಲ್ ಅಂದರೆ ಗಾಯ ತಾನಾಗಿ ಕೂಡಿಕೊಳ್ಳುವ ರಾಕ್ಷಸ, ಬೆಂಕಿ ತಾಗಿದರೆ ಕೂಡಲ್ಲ; ಹೆಸರು ಕೇಳಿದ ತಕ್ಷಣ ಪಂಜು ಹಚ್ಚುತ್ತಾರೆ. ಪೆಟ್ಟಿಗೆ ಕಂಡರೆ ಪೆಟ್ಟಿಗೆಯ ವೇಷ ಹಾಕಿ ಕೂತ ಪ್ರಾಣಿ, ಮಿಮಿಕ್, ಇರಬಹುದು ಅಂತ ಮೊದಲು ಬಾಣ ಬಿಡುತ್ತಾರೆ. ಗುಂಡಿ ಇದ್ದರೆ ಒಬ್ಬ ಡೈಸ್ ಹಾಕುತ್ತಾನೆ, ಕಂಡಿತು, ಪಕ್ಕದಿಂದ ದಾಟಿದರು, ಮುಗೀತು. ಪ್ರಾಣಿಗಳ ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಾಳುತ್ತವೆ ಅನ್ನುವ ಲೆಕ್ಕ) ಎರಡರಷ್ಟು ಮಾಡಿ ನೋಡಿದೆ. ಅದೇ ಬೋರು, ಒಂದು ಗಂಟೆ ಜಾಸ್ತಿ ಆಯಿತು ಅಷ್ಟೆ. ನೀವೆಲ್ಲ ಏನು ಮಾಡಿದ್ದೀರಿ?

ಮಲ್ಲೇಶ್ವರದಿಂದ:
ಅವರಿಗೆ ಗೊತ್ತಿರುವುದನ್ನು ಮರೆಸಲು ಹೋಗಬೇಡಿ. ಗೊತ್ತಿದ್ದೂ ಕೈ ಹಿಸುಕಿಕೊಳ್ಳಬೇಕು, ಹಾಗೆ ಮಾಡಿ. ನನ್ನ ಟ್ರೋಲ್ ರಾಗಿ ಹುಲ್ಲಿನ ಬಣವೆಗಳ ನಡುವೆ ಮಲಗಿತ್ತು. ಬೆಂಕಿ ಹಚ್ಚಿದರೆ ಟ್ರೋಲೂ ಹೋಗುತ್ತದೆ, ಊರ ದನಗಳ ಮೇವೂ ಹೋಗುತ್ತದೆ. ಬೆಂಕಿ ಅಲ್ಲದೆ ಟ್ರೋಲಿನ ಗಾಯ ಕೂಡದ ಹಾಗೆ ಮಾಡುವುದು ಆ್ಯಸಿಡ್. ನಮ್ಮಲ್ಲಿ ಬಾರ್ಬೇರಿಯನ್ (ಒರಟು ಯೋಧ) ಪಾತ್ರ ಆಡುವವನು 'ಹುಣಸೆ ಹುಳಿಯೂ ಆ್ಯಸಿಡ್ ಅಲ್ವಾ?' ಅಂತ ಅರ್ಧ ಗಂಟೆ ವಾದ ಮಾಡಿದ. ಸರಿ ಮಾರಾಯ, ಒಂದು ಹಂಡೆ ಹುಳಿಗೆ ಒಂದು ಸುತ್ತು ಗಾಯ ಕೂಡಲ್ಲ ಅಂದೆ. ಮನೆಮನೆಗೆ ಹೋಗಿ ಹುಣಸೆ ಬೇಡಿದರು. ಆ ಊರಿನವರ ಹೆಸರುಗಳು ಅವರಿಗೆ ಇವತ್ತಿಗೂ ನೆನಪಿವೆ.

ಸರ್ಜಾಪುರ ರಸ್ತೆಯಿಂದ:
ನಾನು ಕೈ ಹಾಕಿದ್ದು ಜೆಲಾಟಿನಸ್ ಕ್ಯೂಬ್‌ಗೆ, ಅಂದರೆ ಗಾಜಿನ ಹಾಗೆ ಪಾರದರ್ಶಕವಾದ ಲೋಳೆ ಪ್ರಾಣಿಗೆ. ಅದು ಹತ್ತಡಿ ಅಗಲ, ಹತ್ತಡಿ ಎತ್ತರ ಯಾಕೆ ಅಂದ್ರೆ ಹಳೇ ಡಂಜನ್ (ನೆಲಮಾಳಿಗೆ) ಮ್ಯಾಪಿನಲ್ಲಿ ಗ್ರಾಫ್ ಹಾಳೆಯ ಒಂದು ಚೌಕ ಅಂದರೆ ಹತ್ತಡಿ. ಓಣಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ. ಆಟದ ಐದನೇ ಆವೃತ್ತಿಯಲ್ಲಿ ಅದು ಒಂದು ಸುತ್ತಿಗೆ 15 ಅಡಿ ನಡೆಯುತ್ತದೆ, ಮನುಷ್ಯ 30 ಅಡಿ. ಕಂಡುಬಿಟ್ಟರೆ ಯಾರು ಬೇಕಾದರೂ ತಪ್ಪಿಸಿಕೊಳ್ಳಬಹುದು. ಅದರ ಶಕ್ತಿಯೆಲ್ಲ ಇರುವುದು ಕಾಣದೇ ಇರುವುದರಲ್ಲಿ. ಹಳೇ ಆಟಗಾರರ ಮುಂದೆ ಅದು ನಡೆಯಲ್ಲ.

ಹಾಗಾಗಿ ಉಲ್ಟಾ ಮಾಡಿದೆ. ದೂರದಿಂದಲೇ ಕಾಣಲಿ, ಚೆನ್ನಾಗಿಯೂ ಕಾಣಲಿ. ಬೆಳ್ಳಂದೂರು ಕೆರೆ ನೊರೆ ನೆನಪಿದೆಯಲ್ಲ? 2015ರ ಹೊತ್ತಿಗೆ ಕೋಡಿಯ ಹತ್ತಿರ ಬೆಟ್ಟದ ಹಾಗೆ ಎದ್ದು, ಗಾಳಿಗೆ ರಸ್ತೆ ಮೇಲೆ ಹಾರುತ್ತಿತ್ತು. 2017ರ ಫೆಬ್ರುವರಿಯಲ್ಲಿ ಕೆರೆಗೇ ಬೆಂಕಿ ಬಿತ್ತು. ನನ್ನ ಪ್ರಾಣಿಯೂ ನೊರೆಯೇ. ಊರಿನ ಮಕ್ಕಳು ಅದನ್ನು ನೋಡಿ ಕುಣಿಯುತ್ತಿದ್ದರು. ಒಳಗೆ ಒಂದು ಚಪ್ಪಲಿ ತೇಲುತ್ತಿತ್ತು, ಒಂದೇ. ಕತ್ತಿ ಹಾಕಿದರೆ ಎರಡಾಗುತ್ತದೆ. ಅದು ನಡೆಯುವುದೇ ಇಲ್ಲ, ಗಾಳಿ ಕರೆದುಕೊಂಡು ಹೋಗುತ್ತದೆ. ಪ್ರತಿ ಸುತ್ತಿಗೂ ಡಿ8 (ಎಂಟು ಮುಖದ ಡೈಸ್) ಹಾಕಿ ಗಾಳಿಯ ದಿಕ್ಕು ನೋಡುತ್ತಿದ್ದೆ. ಎರಡನೇ ಸುತ್ತಿನಲ್ಲಿ ಎಲ್ಲರ ಕಣ್ಣೂ ಆ ಡೈಸ್ ಮೇಲೆ. ಬೆಂಕಿ ಹಚ್ಚಿದವನಿಗೆ ಏನಾಯಿತು ಅಂತ ಹೇಳಬೇಕಾಗಿಲ್ಲ.

ಟೇಬಲ್ ಮೇಲೆ ನಿಜವಾದ ನೊರೆಯನ್ನೇ ಇಟ್ಟಿದ್ದೆ. ಪಾತ್ರೆ ಸೋಪು, ನೀರು, ಒಂದು ಸ್ಟ್ರಾ. ಪ್ರತಿ ಸುತ್ತಿಗೂ ಊದಿ ಊದಿ ದೊಡ್ಡದು ಮಾಡುತ್ತಿದ್ದೆ. ಮಂತ್ರವಾದಿಯ ಪುಟ್ಟ ಗೊಂಬೆ ಟೋಪಿ ತನಕ ಮುಳುಗಿದಾಗ ಆಡುವವಳು ನಿಜವಾಗಲೂ ಎದ್ದು ನಿಂತಳು. ಮ್ಯಾಪ್ ನೆನೆದು ಹರಿಯಿತು, ಮರದ ಟೇಬಲ್ ಮೇಲೆ ಕಲೆ ಬಿತ್ತು, ಅಮ್ಮನ ಹತ್ತಿರ ಬೈಸಿಕೊಂಡೆ. ನೀವು ತಟ್ಟೆಯಲ್ಲಿ ಇಟ್ಟುಕೊಳ್ಳಿ.

ಜಯನಗರದಿಂದ:
ಗುಂಡಿಯಂಥ ಬಲೆಗಳ (ಟ್ರ್ಯಾಪ್) ಬಗ್ಗೆ ನನ್ನದು ಒಂದೇ ಹಟ. ಬಲೆ ಇದೆ ಅಂತ ಮೊದಲೇ ಹೇಳಿಬಿಡಿ. ಡೈಸ್ ಹಾಕಿ ಹುಡುಕಿಸುವುದರಲ್ಲಿ ಆಟವೇ ಇಲ್ಲ. ದಾಟುವುದರಲ್ಲಿ ಇದೆ.

ನಮ್ಮ ಫುಟ್‌ಪಾತ್ ಕಲ್ಲುಗಳನ್ನು ನೋಡಿ. ಕೆಳಗೆ ಮೋರಿ, ಮೇಲೆ ಚಪ್ಪಡಿ. ಮಳೆ ಬಂದ ಮೇಲೆ ಅಲ್ಲಾಡುವ ಕಲ್ಲಿನ ಮೇಲೆ ಕಾಲಿಟ್ಟರೆ ಪ್ಯಾಂಟಿಗೆಲ್ಲ ಕೊಚ್ಚೆ. ಯಾವ ಕಲ್ಲು ಅಂತ ಆ ಬೀದಿಯವರಿಗೆ ಸದ್ದಿನಲ್ಲೇ ಗೊತ್ತು. ನನ್ನ ಸಮಾಧಿಯ ಓಣಿ ಪೂರ್ತಿ ಇಂಥದ್ದೇ ಚಪ್ಪಡಿ. ಆಟಗಾರ ಕೋಲಿನಿಂದ ಕುಟ್ಟಿದೆ ಅಂದರೆ ನಾನು ಸ್ಟೀಲ್ ಲೋಟ ಕುಟ್ಟುತ್ತಿದ್ದೆ. ಖಾಲಿ ಲೋಟ ಅಂದರೆ ಪೊಳ್ಳು ಕಲ್ಲು, ನೀರು ತುಂಬಿದ ಲೋಟ ಅಂದರೆ ಗಟ್ಟಿ ಕಲ್ಲು. ಅದನ್ನೂ ನಾನು ಹೇಳಲಿಲ್ಲ. ನಾಲ್ಕನೇ ಕಲ್ಲಿಗೆ ಅವರೇ ಹಿಡಿದರು. ಆಮೇಲೆ ಫೋನ್ ಮುಟ್ಟಿದವರಿಲ್ಲ, ಫ್ಯಾನ್ ಕೂಡ ಆಫ್ ಮಾಡಿಸಿದರು.

ಇನ್ನೊಂದು. ಮುನ್ನೂರು ವರ್ಷ ಹಳೇ ಬಲೆಗೆ ಎಣ್ಣೆ ಹಾಕುವವರು ಯಾರು? ಯಾರೋ ಅಲ್ಲೇ ಇದ್ದಾರೆ ಅಂತ ತಾನೆ? ಅವರು ಓಡಾಡಿ ಸವೆದ ದಾರಿ ಕಾಣಬೇಕು. ಬಲೆಗೆ ಎಣ್ಣೆ ಹಾಕುವ ಒಂದು ಮುದಿ ಕೋಬೋಲ್ಡ್ (ಹಲ್ಲಿಯಂಥ ಕುಳ್ಳ ಪ್ರಾಣಿ) ಇಟ್ಟಿದ್ದೆ. ನಮ್ಮವರು ಅದಕ್ಕೆ ಸಂಬಳ ಮಾತಾಡಿ ಕೆಲಸಕ್ಕೆ ಇಟ್ಟುಕೊಂಡರು.

ರಾಜಾಜಿನಗರದಿಂದ:
ರಕ್ತ ಹೀರುವ ವ್ಯಾಂಪೈರ್ ಯಾರಾದರೂ ಕರೆಯದೆ ಮನೆಯೊಳಗೆ ಬರುವಂತಿಲ್ಲ ಅಂತ ನಿಯಮ ಇದೆ. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರಲ್ಲ, ಎರಡನ್ನೂ ಸೇರಿಸಿದೆ. ನನ್ನ ವ್ಯಾಂಪೈರ್ ಗುರುತಿನವರ ದನಿಯಲ್ಲಿ ಕರೆಯುತ್ತದೆ, ಬರಹ ಓದಿ ವಾಪಸ್ ಹೋಗುತ್ತದೆ. ನಮ್ಮಲ್ಲಿ ಪ್ಯಾಲಡಿನ್ (ಧರ್ಮಯೋಧ) ಆಡುವವನು ಜಾಣತನ ಮಾಡಿ 'ಯಾವತ್ತೂ ಬರಬೇಡ' ಅಂತ ಬರೆದ. ಅದು ಒಳಗೇ ಬಂತು. ವಾಯಿದೆ ಕೊಟ್ಟರೆ ಮಾತ್ರ ಅದು ಮಾತಿಗೆ ನಿಲ್ಲುತ್ತದೆ.

ಬನಶಂಕರಿಯಿಂದ:
ಈ ಭಾನುವಾರಕ್ಕೆ ಲೋಟಗಳನ್ನು ಎತ್ತಿಟ್ಟಿದ್ದೇನೆ. ಆದ್ರೆ ಮಿಮಿಕ್ ಬಗ್ಗೆ ಯಾರೂ ಹೇಳಲೇ ಇಲ್ಲ?

ಮಾರತ್ತಹಳ್ಳಿಯಿಂದ:
ಪೆಟ್ಟಿಗೆ ಬಿಡಿ ಗುರೂ. ನನ್ನ ಮಿಮಿಕ್ ಬಾಡಿಗೆ ಮನೆ. ಊರ ಮಧ್ಯ, ಗಾಳಿ ಬೆಳಕು ಚೆನ್ನಾಗಿದೆ, ಬಾಗಿಲಲ್ಲಿ 'ಮನೆ ಬಾಡಿಗೆಗಿದೆ' ಬೋರ್ಡು. ಹತ್ತು ತಿಂಗಳ ಅಡ್ವಾನ್ಸ್ ಕೇಳಿದ್ದಕ್ಕೆ ಯಾರಿಗೂ ಅನುಮಾನ ಬರಲಿಲ್ಲ. ನೆಲ ಸ್ವಲ್ಪ ಅಂಟಂಟು ಅನಿಸುತ್ತೆ ಅಂದೆ. 'ಒರೆಸಿಲ್ಲ ಅನ್ಸುತ್ತೆ' ಅಂತ ಚಾಪೆ ಹಾಸಿ ಮಲಗಿದರು.